ಜಾತ್ರೆ ನಡೆಸುವ ಊರಿಗೆ ಜಲಪಾತ ನೋಡಿಕೊಳ್ಳಲು ಬಾರದೇ?

ಕೊಪ್ಪ, ಶೃಂಗೇರಿ, ಎನ್.ಆರ್.ಪುರ ತಾಲ್ಲೂಕುಗಳಿಂದ ನಾನು ಪತ್ರಿಕೆಗೆ ಕಳಿಸುವ ಸುದ್ದಿಗಳಲ್ಲಿ ಜನ ಸೇರುವ ಸುದ್ದಿ ಎರಡು ಬಗೆ. ಒಂದು ಜಾತ್ರೆಯದು. ತೇರು ಎಳೆದರು, ಹೊರೆಕಾಣಿಕೆ ಬಂತು, ಅನ್ನಸಂತರ್ಪಣೆ ನಡೆಯಿತು, ರಾತ್ರಿ ಯಕ್ಷಗಾನ ಇತ್ತು. ಇನ್ನೊಂದು ಜಲಪಾತ, ಗುಡ್ಡ, ಹಿನ್ನೀರಿನದು. ಅದರಲ್ಲಿ ಬರುವ ಪದಗಳೇ ಬೇರೆ: ಸಂಚಾರ ಅಸ್ತವ್ಯಸ್ತ, ಕಾಲು ಜಾರಿ ಸಾವು, ಪ್ಲಾಸ್ಟಿಕ್ ರಾಶಿ, ಸ್ಥಳೀಯರ ಆಕ್ರೋಶ.

ಎರಡೂ ಕಡೆ ಬರುವವರು ಜನರೇ. ಜಾತ್ರೆಗೆ ಬರುವವರ ಸಂಖ್ಯೆ ಅನೇಕ ಸಲ ಹೆಚ್ಚೇ ಇರುತ್ತದೆ. ರಸ್ತೆಯೂ ಅದೇ ಕಿರಿದಾದ ಮಲೆನಾಡಿನ ರಸ್ತೆ. ಹಾಗಿದ್ದ ಮೇಲೆ ಒಂದು ಕಡೆ ಎಲ್ಲವೂ ಒಂದು ಲೆಕ್ಕಕ್ಕೆ ನಡೆದು ಹೋಗುತ್ತದೆ, ಇನ್ನೊಂದು ಕಡೆ ಪ್ರತಿ ಶನಿವಾರ ಭಾನುವಾರ ಗಲಾಟೆ ಯಾಕೆ? ನನಗೆ ಕಾಣುವ ಉತ್ತರ ಸರಳ. ಜಾತ್ರೆಗೆ ಒಂದು ಊರು ಇದೆ. ಜಲಪಾತಕ್ಕೆ ಊರಿಲ್ಲ. ಅದು ಇರುವುದು ನಮ್ಮ ಊರಲ್ಲೇ, ಆದರೆ ಅದನ್ನು ನೋಡಿಕೊಳ್ಳುವುದು ನಮ್ಮ ಕೆಲಸ ಅಂತ ಯಾರೂ ಅಂದುಕೊಂಡಿಲ್ಲ. ಅಂದುಕೊಂಡರೂ ಕೇಳುವವರಿಲ್ಲ.

ಜಾತ್ರೆ ಹೇಗೆ ನಡೆಯುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಆದರೂ ಒಮ್ಮೆ ಲೆಕ್ಕ ಹಾಕಿ ನೋಡಿ. ತಿಂಗಳ ಮೊದಲೇ ಸಭೆ ಸೇರುತ್ತದೆ. ಚಪ್ಪರ ಒಬ್ಬರ ಪಾಲು, ಅಡುಗೆ ಒಬ್ಬರ ಪಾಲು, ನೀರಿನ ಟ್ಯಾಂಕರ್ ಇನ್ನೊಬ್ಬರದು. ಯಾರ ಗದ್ದೆ ಕೊಯ್ಲಾಗಿದೆಯೋ ಅಲ್ಲಿ ಗಾಡಿ ನಿಲ್ಲಿಸಲು ಜಾಗ. ಸಂಘದ ಹುಡುಗರು ಸೀಟಿ ಹಿಡಿದು ರಸ್ತೆಯಲ್ಲಿ ನಿಲ್ಲುತ್ತಾರೆ. ತೇರು ಹೊರಡುವ ಮೊದಲು ವಿದ್ಯುತ್ ಇಲಾಖೆಯವರಿಗೆ ಹೇಳಿ ತಂತಿ ನೋಡಿಸಿರುತ್ತಾರೆ. ಮೈಕಿನಲ್ಲಿ ಆಗಾಗ ಕೂಗು: ಮಕ್ಕಳನ್ನು ಕೈ ಹಿಡಿದುಕೊಳ್ಳಿ, ತೇರಿನ ಗಾಲಿ ಹತ್ತಿರ ಹೋಗಬೇಡಿ. ಊಟದ ಎಲೆ ತೆಗೆಯಲು ಒಂದು ತಂಡ. ಮುಗಿದ ಮೇಲೆ ಇನ್ನೊಂದು ಸಭೆ, ಅದರಲ್ಲಿ ಬಂದದ್ದೆಷ್ಟು, ಖರ್ಚಾದದ್ದೆಷ್ಟು ಅಂತ ಓದುತ್ತಾರೆ. ಕಳೆದ ವರ್ಷದ್ದಕ್ಕಿಂತ ಶಾಮಿಯಾನದ ಬಾಡಿಗೆ ಯಾಕೆ ಜಾಸ್ತಿ ಆಯಿತು ಅಂತ ಹಿಂದಿನ ಸಾಲಿನಿಂದ ಒಬ್ಬರಾದರೂ ಎದ್ದು ಕೇಳುತ್ತಾರೆ.

ಇದನ್ನು ಯಾವ ಇಲಾಖೆಯೂ ನಮಗೆ ಕಲಿಸಿಕೊಡಲಿಲ್ಲ. ಕೊಪ್ಪದ ವೀರಭದ್ರ ದೇವಸ್ಥಾನದ ರಥೋತ್ಸವ, ಬಾಳೆಹೊನ್ನೂರಿನ ರಂಭಾಪುರಿ ಪೀಠದ ಫಾಲ್ಗುಣದ ಜಾತ್ರೆ, ಶೃಂಗೇರಿಯ ನವರಾತ್ರಿ, ಹಾಗೆಯೇ ಹೆಸರೂ ಹೊರಗೆ ಗೊತ್ತಿಲ್ಲದ ನೂರಾರು ಊರಿನ ಸಣ್ಣ ತೇರುಗಳು, ಎಲ್ಲದರ ಹಿಂದೆ ಇರುವುದು ಇದೇ ಹಂಚಿಕೊಂಡು ಮಾಡುವ ಅಭ್ಯಾಸ.

ಜಾತ್ರೆ ಎಂದರೆ ಎಲ್ಲವೂ ಚಂದ ಅಂತ ನಾನು ಹೇಳುತ್ತಿಲ್ಲ. ಯಾರು ಎಲ್ಲಿ ನಿಲ್ಲಬೇಕು, ಯಾರು ಯಾವ ಕೆಲಸ ಮಾಡಬೇಕು ಅನ್ನುವುದರಲ್ಲಿ ಜಾತಿಯ ಲೆಕ್ಕ ಇತ್ತು, ಕೆಲವು ಕಡೆ ಈಗಲೂ ಇದೆ. ಎಲೆ ತೆಗೆಯುವ ಕೆಲಸ ಯಾವಾಗಲೂ ಒಂದೇ ಕೇರಿಯವರಿಗೆ ಬೀಳುವುದನ್ನು ನಾವೆಲ್ಲ ನೋಡಿದ್ದೇವೆ. ಸಮಿತಿಯಲ್ಲಿ ಹೆಂಗಸರ ಹೆಸರು ಹುಡುಕಿದರೂ ಸಿಗುವುದಿಲ್ಲ. ಜಾತ್ರೆಯಿಂದ ಕಲಿಯಬೇಕಾದದ್ದನ್ನು ಕಲಿಯೋಣ, ಇದನ್ನು ಅಲ್ಲೇ ಬಿಟ್ಟು ಬರೋಣ.

ಈಗ ಜಲಪಾತದ ಕಡೆ ಬನ್ನಿ.

ಶೃಂಗೇರಿಯಿಂದ ಹತ್ತು ಕಿಲೋಮೀಟರ್ ಆಸುಪಾಸಿನಲ್ಲಿ ಕಿಗ್ಗ. ಅಲ್ಲಿ ಋಷ್ಯಶೃಂಗೇಶ್ವರ. ಮಳೆ ಬಾರದಿದ್ದರೆ ಮಳೆಗಾಗಿ, ಮಳೆ ನಿಲ್ಲದಿದ್ದರೆ ನಿಲ್ಲಲಿ ಅಂತ ಪೂಜೆ ಮಾಡಿಸುವ ದೇವರು. ಬರಗಾಲದಲ್ಲಿ ಸರ್ಕಾರದ ಕಡೆಯಿಂದಲೇ ಬಂದು ಇಲ್ಲಿ ಪೂಜೆ ಮಾಡಿಸಿದ್ದುಂಟು. ಅಲ್ಲಿಂದ ಮುಂದೆ ಸಿರಿಮನೆ ಜಲಪಾತ, ಮೇಲೆ ನರಸಿಂಹ ಪರ್ವತ. ಒಂದೇ ದಾರಿ. ದೇವಸ್ಥಾನದ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಸದ್ದಿಲ್ಲದೆ ಒಳಗೆ ಹೋಗುವ ಮನುಷ್ಯ, ಸ್ವಲ್ಪ ಹೊತ್ತಿನಲ್ಲೇ ನೀರು ಬೀಳುವ ಜಾಗಕ್ಕೆ ಬಂದರೆ ಬೇರೆಯೇ ಆಗಿಬಿಡುತ್ತಾನೆ. ಇದು ಇಲ್ಲಿನ ಮಾತು ಮಾತ್ರ ಅಲ್ಲ. ಮಲೆನಾಡಿನ ಯಾವ ಅಬ್ಬಿಗೆ ಹೋದರೂ ಇದೇ ಕಥೆ. ಬಂದವನು ಕೆಟ್ಟವನು ಅಂತ ಅಲ್ಲ. ಒಂದು ಕಡೆ ನಡೆದುಕೊಳ್ಳುವ ರೀತಿ ಏನು ಅಂತ ಅವನಿಗೆ ಗೊತ್ತಿದೆ, ಇನ್ನೊಂದು ಕಡೆ ಯಾರೂ ಹೇಳಿಲ್ಲ.

ಕೇಳಲು ಹೋದರೆ ಸಿಗುವ ಉತ್ತರಗಳು ನಿಮಗೂ ಪರಿಚಯವೇ. ಮೂರು ತಾಲ್ಲೂಕಿನೊಳಗಿನ ಒಂದು ಜಾಗದ ಬಗ್ಗೆ ಸುದ್ದಿ ಮಾಡಲು ಹೋದಾಗ ಶೌಚಾಲಯಕ್ಕೆ ಬೀಗ ಇತ್ತು. ಬೀಗದ ಕೈ ಯಾರ ಹತ್ತಿರ ಅಂತ ಕೇಳುತ್ತಾ ನಾಲ್ಕು ಫೋನ್ ಮಾಡಿದೆ. ಜಾಗ ಅರಣ್ಯದ್ದು, ಕಟ್ಟಡ ಪ್ರವಾಸೋದ್ಯಮದ್ದು, ರಸ್ತೆ ಲೋಕೋಪಯೋಗಿಯದ್ದು, ಕಸ ಪಂಚಾಯ್ತಿಯದ್ದು. ಕಸ ಒಂದು ಮಾತ್ರ ಸರಿಯಾಗಿ ನಮ್ಮ ಪಾಲಿಗೆ ಬಂದಿತ್ತು.

ಇದರಿಂದ ತೊಂದರೆ ಯಾರಿಗೆ? ಮೇಲಿನ ಹಳ್ಳದಿಂದ ಪೈಪು ಎಳೆದು ಮನೆಗೆ ಕುಡಿಯುವ ನೀರು ತರುವುದು ನಮ್ಮಲ್ಲಿ ಸಾಮಾನ್ಯ. ನೀರು ಬೀಳುವ ಜಾಗದಲ್ಲಿ ಶಾಂಪೂ ಹಚ್ಚಿಕೊಂಡು ನಿಂತರೆ ಅದು ಕೆಳಗಿನವರ ಬಿಂದಿಗೆಗೆ ಬರುತ್ತದೆ. ಒಡೆದ ಬಾಟಲಿ ದನದ ಕಾಲಿಗೆ, ತೋಟಕ್ಕೆ ಹೋಗುವವರ ಕಾಲಿಗೆ. ರಸ್ತೆಯ ಎರಡೂ ಬದಿ ಕಾರು ನಿಂತರೆ ಭಾನುವಾರ ಹೆರಿಗೆ ನೋವು ಬಂದವಳ ಜೀಪು ಮುಂದೆ ಹೋಗುವುದಿಲ್ಲ.

ಬಂದವರಿಗೂ ಅಪಾಯ. 2023ರ ಜುಲೈನಲ್ಲಿ ಕೊಲ್ಲೂರು ಬಳಿಯ ಅರಶಿನಗುಂಡಿ ಜಲಪಾತದಲ್ಲಿ ಬಂಡೆಯ ಮೇಲೆ ನಿಂತು ವಿಡಿಯೊ ಮಾಡಿಸಿಕೊಳ್ಳುತ್ತಿದ್ದ ಯುವಕ ಕಾಲು ಜಾರಿ ಬಿದ್ದ. ಆ ವಿಡಿಯೊ ಎಲ್ಲರ ಫೋನಿಗೂ ಬಂತು. ಶವ ಸಿಗಲು ಒಂದು ವಾರ ಬೇಕಾಯಿತು. ಮಳೆಗಾಲದಲ್ಲಿ ಹಾವಸೆ ಹಿಡಿದ ಬಂಡೆ ಹೇಗಿರುತ್ತದೆ ಅಂತ ನಮ್ಮೂರಿನ ಹತ್ತು ವರ್ಷದ ಮಗುವಿಗೂ ಗೊತ್ತು. ಗೊತ್ತಿಲ್ಲದವರಿಗೆ ಹೇಳಲು ಅಲ್ಲಿ ಒಬ್ಬರೂ ಇರುವುದಿಲ್ಲ. ಜಾತ್ರೆಯಲ್ಲಿ ಮೈಕು ಹಿಡಿದು ಕೂಗುವವರು ಇದ್ದಾರಲ್ಲ, ಅಂಥ ಒಬ್ಬರು ಬಂಡೆಯ ಹತ್ತಿರ ಇದ್ದರೆ ಎಷ್ಟೋ ಜೀವ ಉಳಿಯುತ್ತದೆ.

ಹಾಗಾದರೆ ಪ್ರವಾಸಿಗರೇ ಬೇಡ ಎನ್ನೋಣವೇ? ಊರಲ್ಲಿ ಈ ಮಾತು ಆಡುವವರು ಬಹಳ ಇದ್ದಾರೆ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಹಾಗೆ ಹೇಳುವ ಸ್ಥಿತಿಯಲ್ಲಿ ನಾವು ಇಲ್ಲ.

ಶೃಂಗೇರಿ, ಕೊಪ್ಪ ಕಡೆಯ ಅಡಿಕೆ ತೋಟಗಳನ್ನು ಹಳದಿ ಎಲೆ ರೋಗ ದಶಕಗಳಿಂದ ತಿಂದಿದೆ. ಈಚೆಗೆ ಎಲೆಚುಕ್ಕೆ ರೋಗ ಅದರ ಮೇಲೆ ಬಂದು ಕೂತಿದೆ. ಔಷಧಿ ಹೊಡೆಸಲು ಆಳು ಸಿಗುವುದಿಲ್ಲ, ಸಿಕ್ಕರೂ ಕೂಲಿ ಹುಟ್ಟುವುದಿಲ್ಲ. ಓದಿದ ಮಕ್ಕಳು ಬೆಂಗಳೂರಿಗೆ ಹೋದರು. ಹಬ್ಬಕ್ಕೆ ಬಂದು ಹಬ್ಬ ಮುಗಿದ ಕೂಡಲೇ ರಾತ್ರಿ ಬಸ್ಸು ಹತ್ತುತ್ತಾರೆ. ಇಂಥ ಮನೆಗಳಲ್ಲಿ ಎರಡು ಕೋಣೆ ಸರಿಮಾಡಿ, ಬಂದವರಿಗೆ ಕಡುಬು, ಕೆಸುವಿನ ಪತ್ರೊಡೆ, ಕಳಲೆ ಪಲ್ಯ ಬಡಿಸಿ ಬದುಕು ನಡೆಸುತ್ತಿರುವವರು ಇದ್ದಾರೆ. ಒಬ್ಬ ಮಗನೋ ಮಗಳೋ ಊರಿಗೆ ವಾಪಸು ಬಂದದ್ದಿದ್ದರೆ ಅದಕ್ಕೆ ಅನೇಕ ಕಡೆ ಕಾರಣ ಹೋಂಸ್ಟೇ. ಜೀಪು ಓಡಿಸುವವರು, ಜೇನು, ಕಾಳುಮೆಣಸು, ಕಾಫಿಪುಡಿ ಮಾರುವವರು, ಚಹಾ ಅಂಗಡಿಯವರು ಬೇರೆ. ಪ್ರವಾಸಿಗ ಬೇಡ ಅಂದರೆ ಮೊದಲು ಬಾಗಿಲು ಹಾಕುವುದು ಇವರದು. ದೊಡ್ಡ ರೆಸಾರ್ಟಿಗೆ ಏನೂ ಆಗುವುದಿಲ್ಲ.

ಹಾಗಂತ ಈಗ ನಡೆಯುತ್ತಿರುವ ಹಾಗೆ ನಡೆದರೂ ಉಳಿಯುವುದಿಲ್ಲ. ಜನ ಬಂದು ಬಂದು ಜಾಗ ಹಾಳಾದ ಮೇಲೆ ಸರ್ಕಾರ ಮಾಡುವುದು ಒಂದೇ: ನಿಷೇಧ, ಇಲ್ಲವೇ ಮಿತಿ. 2024ರ ಜನವರಿ ಕೊನೆಯಲ್ಲಿ ಕುಮಾರ ಪರ್ವತದಲ್ಲಿ ಜನ ಇರುವೆಗಳಂತೆ ಸಾಲುಗಟ್ಟಿದ ಚಿತ್ರ ಎಲ್ಲೆಡೆ ಹರಿದಾಡಿತು. ಆಮೇಲೆ ಅರಣ್ಯ ಇಲಾಖೆ ಚಾರಣಗಳಿಗೆ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿತು, ದಿನಕ್ಕೆ ಇಷ್ಟೇ ಜನ ಅಂತ ಮಿತಿ ಹಾಕಿತು. ನಮ್ಮ ಜಿಲ್ಲೆಯ ಮುಳ್ಳಯ್ಯನಗಿರಿ ಭಾಗಕ್ಕೆ 2025ರ ಸೆಪ್ಟೆಂಬರ್‌ನಿಂದ ಮೊದಲೇ ಆನ್‌ಲೈನ್‌ನಲ್ಲಿ ನೋಂದಾಯಿಸಿ ಹೋಗುವ ವ್ಯವಸ್ಥೆ ಬಂತು. ಬೆಳಿಗ್ಗೆ 600 ವಾಹನ, ಮಧ್ಯಾಹ್ನದ ಮೇಲೆ 600 ವಾಹನ ಅಂತ ಲೆಕ್ಕ. 2025ರ ಮಾರ್ಚ್‌ನಲ್ಲಿ ಅರಣ್ಯ ಸಚಿವರು ತೀರ್ಥಕ್ಷೇತ್ರಗಳ ನದಿ ದಡದಿಂದ 500 ಮೀಟರ್ ಒಳಗೆ ಸೋಪು, ಶಾಂಪೂ ಮಾರುವಂತಿಲ್ಲ ಎಂದು ಸೂಚನೆ ಕೊಟ್ಟರು.

ಈ ಕ್ರಮಗಳು ತಪ್ಪು ಅನ್ನುವವನು ನಾನಲ್ಲ. ಮಿತಿ ಬೇಕು. ಆದರೆ ಮಿತಿ ಹಾಕುವ ಕೋಣೆಯಲ್ಲಿ ನಮ್ಮೂರಿನವರು ಇದ್ದರೇ? ಬುಕಿಂಗ್ ಲಿಂಕು ಗಾಡಿ ಎಣಿಸುತ್ತದೆ, ಕಸ ಹೆಕ್ಕುವುದಿಲ್ಲ. ಜಾರುವ ಬಂಡೆ ತೋರಿಸುವುದಿಲ್ಲ. ಮಳೆ ಜೋರಾಗಿ ಹಳ್ಳ ಏರುತ್ತಿರುವಾಗ ಇವತ್ತು ಬೇಡ, ವಾಪಸು ಹೋಗಿ ಅಂತ ಹೇಳುವುದಿಲ್ಲ. ಆ ಮಾತು ಹೇಳಬೇಕಾದವರು ಅಲ್ಲೇ ಇರುವವರು.

ಅಲ್ಲೇ ಇರುವವರು ಹೇಳಿದರೆ ಜನ ಕೇಳುತ್ತಾರೆಯೇ? ಕೇಳುತ್ತಾರೆ. ಸಾಕ್ಷಿಗೆ ಶೃಂಗೇರಿಯ ತುಂಗೆಯ ದಡಕ್ಕೆ ಹೋಗಿ. ಸೋಪಾನಕಟ್ಟೆಯ ಕೆಳಗೆ ತೊಡೆ ಗಾತ್ರದ ಮೀನುಗಳು ಕಾಲಡಿಗೇ ಬರುತ್ತವೆ. ದೇವರ ಮೀನು, ಹಿಡಿಯಬಾರದು ಅನ್ನುವ ಕಟ್ಟಳೆ ತಲೆತಲಾಂತರದಿಂದ ಬಂದದ್ದು. ದಿನಕ್ಕೆ ಸಾವಿರಾರು ಜನ ಬರುವ ಜಾಗ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಹೆಂಗಸರು ಇನ್ನೂ ಹೆಚ್ಚು ಬರುತ್ತಾರೆ, ಬರಲಿ. ಅಷ್ಟು ಜನರಲ್ಲಿ ಒಬ್ಬರೂ ಗಾಳ ಹಾಕುವುದಿಲ್ಲ. ಕಾವಲಿಗೆ ಪೊಲೀಸರು ನಿಂತಿರುವುದರಿಂದ ಅಲ್ಲ. ಹಾಗೆ ಮಾಡಬಾರದು ಅಂತ ಆ ಜಾಗವೇ ಹೇಳುತ್ತದೆ, ಪಕ್ಕದಲ್ಲಿ ನಿಂತ ಹತ್ತು ಜನ ಹೇಳುತ್ತಾರೆ. ಮೀನಿಗೆ ಸಾಧ್ಯವಾದದ್ದು ಅಬ್ಬಿಯ ನೀರಿಗೆ ಯಾಕೆ ಸಾಧ್ಯವಿಲ್ಲ?

ದುಡ್ಡಿನ ವಿಷಯಕ್ಕೆ ಬರೋಣ. ಯಾಕೆಂದರೆ ಒಳ್ಳೆಯ ಮಾತಿನಿಂದ ಶೌಚಾಲಯ ತೊಳೆಯಲು ಆಗುವುದಿಲ್ಲ. ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯ್ದೆಯ 199ನೇ ಪ್ರಕರಣ ತೆಗೆದು ನೋಡಿ. ಜಾತ್ರೆ, ಉತ್ಸವಗಳಿಗೆ ಬರುವವರಿಂದ ಯಾತ್ರಿಕರ ಶುಲ್ಕ ಪಡೆಯುವ ಅಧಿಕಾರವನ್ನು ಅದು ಗ್ರಾಮ ಪಂಚಾಯ್ತಿಗೆ ಕೊಟ್ಟಿದೆ. ಬಸ್ಸು, ಟ್ಯಾಕ್ಸಿ, ಆಟೊ ನಿಲ್ದಾಣಕ್ಕೂ ಶುಲ್ಕ ಹಾಕಬಹುದು. ಆದರೆ ಅದರಲ್ಲೇ ಒಂದು ಷರತ್ತು ಇದೆ, ನನಗೆ ಬಹಳ ಇಷ್ಟವಾದ ಷರತ್ತು. ನೀರು, ಆರೋಗ್ಯ, ನೈರ್ಮಲ್ಯದ ವ್ಯವಸ್ಥೆಯನ್ನು ಪಂಚಾಯ್ತಿ ಮಾಡಿದ್ದರೆ ಮಾತ್ರ ಯಾತ್ರಿಕರ ಶುಲ್ಕ. ನಿಲ್ದಾಣದಲ್ಲೂ ಅಷ್ಟೇ, ಪ್ರಯಾಣಿಕರಿಗೆ ಸೌಲಭ್ಯ ಇದ್ದರೆ ಮಾತ್ರ. ಮೊದಲು ಕೆಲಸ, ಆಮೇಲೆ ದುಡ್ಡು.

ನಮ್ಮ ಅನೇಕ ಪ್ರವಾಸಿ ಜಾಗಗಳಲ್ಲಿ ಇದು ತಲೆಕೆಳಗಾಗಿದೆ. ಗೇಟಿನಲ್ಲಿ ರಸೀದಿ ಇದೆ, ಒಳಗೆ ಕಸದ ಬುಟ್ಟಿ ಇಲ್ಲ. ರಸೀದಿಯ ದುಡ್ಡು ಯಾವ ಖಾತೆಗೆ ಹೋಯಿತು, ಅದರಲ್ಲಿ ಎಷ್ಟು ಅದೇ ಜಾಗಕ್ಕೆ ವಾಪಸು ಬಂತು ಅಂತ ಆ ಊರಿನವರಿಗೆ ಯಾರೂ ಓದಿ ಹೇಳುವುದಿಲ್ಲ. ಜಾತ್ರೆಯ ಶಾಮಿಯಾನದ ಬಾಡಿಗೆ ಕೇಳುವ ನಾವು ಇದನ್ನು ಕೇಳುವುದೇ ಇಲ್ಲ. ನನ್ನ ಬೇಡಿಕೆ ಇಷ್ಟೇ: ನಮ್ಮೂರಿನ ಜಾಗ ನೋಡಲು ಬಂದವರು ಕೊಟ್ಟ ದುಡ್ಡಿನ ಒಂದು ಪಾಲು, ಯಾವ ಇಲಾಖೆ ವಸೂಲು ಮಾಡಿದರೂ, ಆ ಪಂಚಾಯ್ತಿಗೆ ಬರಬೇಕು. ಅದರ ಲೆಕ್ಕ ಗ್ರಾಮಸಭೆಯಲ್ಲಿ ಓದಬೇಕು.

ಪಂಚಾಯ್ತಿ ಕೈಗೆ ಕೊಟ್ಟರೆ ತಿಂದು ಹಾಕುತ್ತಾರೆ ಅನ್ನುವ ಮಾತು ಬರುತ್ತದೆ. ಬರಲೇಬೇಕು, ಅನುಭವ ಹಾಗಿದೆ. ಆದರೆ ದೂರದ ಕಚೇರಿಯ ಲೆಕ್ಕಕ್ಕಿಂತ ನಮ್ಮ ಪಂಚಾಯ್ತಿಯ ಲೆಕ್ಕ ಕೇಳುವುದು ಸುಲಭ. ಸದಸ್ಯರು ಬೆಳಿಗ್ಗೆ ಹಾಲು ಹಾಕಲು ಡೇರಿಗೆ ಬರುತ್ತಾರೆ, ಅಲ್ಲೇ ಹಿಡಿದು ಕೇಳಬಹುದು.

ನಮ್ಮ ಜನರಿಗೆ ನಡೆಸುವ ಶಕ್ತಿ ಇಲ್ಲ ಅನ್ನುವವರಿಗೆ ಕೊಪ್ಪದ್ದೇ ಉದಾಹರಣೆ ಇದೆ. ಖಾಸಗಿ ಬಸ್ ಕಂಪನಿ ಬಾಗಿಲು ಹಾಕಿದಾಗ ಅದರ ಕಾರ್ಮಿಕರೇ ಸೇರಿ 1991ರಲ್ಲಿ ಕಟ್ಟಿದ್ದು ಸಹಕಾರ ಸಾರಿಗೆ. ಡ್ರೈವರು, ಕಂಡಕ್ಟರು, ಮೆಕ್ಯಾನಿಕ್‌ಗಳೇ ಮಾಲೀಕರು. ಸುಮಾರು ಮೂರು ದಶಕ ಮಲೆನಾಡಿನ ಮೂಲೆ ಮೂಲೆಗೆ ಆ ಬಸ್ಸು ಓಡಿತು. ನಾನು ಶಾಲೆಗೆ, ಕಾಲೇಜಿಗೆ ಹೋದದ್ದು ಅದರಲ್ಲೇ. ನೀವೂ ಹೋಗಿರುತ್ತೀರಿ. ಸಹಕಾರಿ ಪ್ರಯೋಗ ಅಂತ ಹೊರಗಿನವರು ಬಂದು ಅದರ ಬಗ್ಗೆ ಅಧ್ಯಯನ ಮಾಡಿಕೊಂಡು ಹೋದರು. 2020ರಲ್ಲಿ ಅದು ನಿಂತಿತು. ಡೀಸೆಲ್ ಬೆಲೆ, ಬಿಡಿಭಾಗಗಳ ಬೆಲೆ, ಏರುತ್ತಾ ಹೋದ ನಷ್ಟ. ನಿಂತದ್ದನ್ನು ಮಾತ್ರ ನೆನಪಿಟ್ಟುಕೊಂಡು, ಅಷ್ಟು ವರ್ಷ ಓಡಿದ್ದನ್ನು ಮರೆಯುವುದು ನ್ಯಾಯವಲ್ಲ. ಅದರಿಂದ ಕಲಿಯಬೇಕಾದ ಪಾಠ ಎರಡು: ಇಲ್ಲಿನ ಜನ ಸೇರಿ ನಡೆಸಬಲ್ಲರು, ಮತ್ತು ಆದಾಯ ಖರ್ಚಿಗೆ ಸಾಲದಿದ್ದರೆ ಒಳ್ಳೆಯ ಕೆಲಸವೂ ನಿಲ್ಲುತ್ತದೆ. ಆದ್ದರಿಂದಲೇ ಶುಲ್ಕದ ಪಾಲು ಕೇಳುತ್ತಿರುವುದು. ಪುಕ್ಕಟೆ ಶ್ರಮದಾನದಿಂದ ವರ್ಷಕ್ಕೊಮ್ಮೆ ಜಲಪಾತ ಗುಡಿಸಿ ಫೋಟೊ ಹಾಕಬಹುದು. ವಾರ ವಾರ ಗುಡಿಸಲು ಸಂಬಳ ಬೇಕು.

ಇನ್ನೊಂದು ಮಾತು, ಹಬ್ಬಗಳ ಬಗ್ಗೆ. ಈಗೀಗ ಹಬ್ಬವನ್ನೂ ಪ್ಯಾಕೇಜಿನಲ್ಲಿ ಸೇರಿಸುವ ಉಮೇದು ಕಾಣುತ್ತಿದೆ. ಇಲ್ಲಿ ಸ್ವಲ್ಪ ಬೇರ್ಪಡಿಸಿ ನೋಡಬೇಕು. ಜಾತ್ರೆ ಎಲ್ಲರಿಗೂ ತೆರೆದದ್ದು. ಯಾರು ಬಂದರೂ ಊಟ ಇದೆ. ಶೃಂಗೇರಿಯ ನವರಾತ್ರಿಯಲ್ಲಿ ದಿನಕ್ಕೊಂದು ಅಲಂಕಾರದ ಶಾರದೆಯನ್ನು ನೋಡಲು ದೂರದವರು ಬರುವುದು ಹೊಸದೇನಲ್ಲ. ಆದರೆ ಭೂಮಿ ಹುಣ್ಣಿಮೆಗೆ ರಾತ್ರಿ ಇಡೀ ಅಡುಗೆ ಮಾಡಿ, ಬೆಳಗಿನ ಜಾವ ಬುಟ್ಟಿ ಹೊತ್ತು ಗದ್ದೆಗೆ ಹೋಗಿ ಬಸುರಿ ಭೂಮಿಗೆ ಬಡಿಸಿ ಬರುವುದು ಆ ಮನೆಯವರ ಕೆಲಸ. ದೀಪಾವಳಿಯಲ್ಲಿ ದೀಪ ಹಿಡಿದು ಹಾಡುತ್ತಾ ಮನೆ ಮನೆಗೆ ಬರುವ ಅಂಟಿಗೆ ಪಂಟಿಗೆಯವರು ಬರುವುದು ಆ ಮನೆಯ ಬಾಗಿಲಿಗೆ, ಕ್ಯಾಮೆರಾದ ಮುಂದಕ್ಕೆ ಅಲ್ಲ. ಮನೆಯಲ್ಲಿ ಉಳಿದ ಅತಿಥಿಯನ್ನು ಜೊತೆಗೆ ಕರೆದುಕೊಂಡು ಹೋಗಿ, ಅವರ ತಲೆಯ ಮೇಲೂ ಒಂದು ಬುಟ್ಟಿ ಇಡಿ. ಸಂತೋಷ. ಆದರೆ ಬಸ್ಸು ಬರುವ ಹೊತ್ತಿಗೆ ಸರಿಯಾಗಿ ಹುಣ್ಣಿಮೆ ಆಚರಿಸುವ ದಿನ ಬಾರದಿರಲಿ. ಯಾವುದನ್ನು ತೋರಿಸಬೇಕು, ಯಾವುದನ್ನು ನಮ್ಮಷ್ಟಕ್ಕೆ ಇಟ್ಟುಕೊಳ್ಳಬೇಕು ಅಂತ ತೀರ್ಮಾನಿಸುವ ಹಕ್ಕು ಊರಿನದು.

ಹಾಗಾದರೆ ಮಾಡಬೇಕಾದದ್ದು ಏನು? ಆರು ತಿಂಗಳಿಗೆ ಒಮ್ಮೆಯಾದರೂ ಗ್ರಾಮಸಭೆ ಕರೆಯಲೇಬೇಕು ಅಂತ ಕಾನೂನು ಇದೆ. ನಿಮ್ಮ ಪಂಚಾಯ್ತಿ ವ್ಯಾಪ್ತಿಯಲ್ಲಿ ಜನ ಸೇರುವ ಒಂದು ಅಬ್ಬಿ, ಒಂದು ಗುಡ್ಡ, ಒಂದು ಹಿನ್ನೀರಿನ ದಡ ಇದ್ದರೆ ಮುಂದಿನ ಸಭೆಯಲ್ಲಿ ಇಷ್ಟನ್ನು ಎದ್ದು ನಿಂತು ಕೇಳಿ, ಕೇಳಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ:

ಒಂದು, ಆ ಜಾಗಕ್ಕೆ ಜಾತ್ರೆ ಸಮಿತಿಯ ಹಾಗೆ ಒಂದು ಸಮಿತಿ. ಪಂಚಾಯ್ತಿ, ಗ್ರಾಮ ಅರಣ್ಯ ಸಮಿತಿ, ಹೋಂಸ್ಟೇಯವರು, ಜೀಪಿನವರು, ಸ್ತ್ರೀಶಕ್ತಿ ಸಂಘದವರು, ಎಲ್ಲ ಕೇರಿಯವರೂ ಅದರಲ್ಲಿ ಇರಲಿ.

ಎರಡು, ಅಲ್ಲಿ ವಸೂಲಾಗುವ ಹಣ ಎಷ್ಟು, ಯಾವ ಖಾತೆಗೆ, ನಮ್ಮ ಪಾಲು ಎಷ್ಟು. ಲಿಖಿತ ಉತ್ತರ ಬೇಕು.

ಮೂರು, ವಾರಾಂತ್ಯಕ್ಕೆ ಮತ್ತು ಮಳೆಗಾಲಕ್ಕೆ ಊರಿನವರೇ ಕಾವಲುಗಾರರು, ಸಂಬಳದ ಮೇಲೆ. ನೀರು ಏರಿದ ದಿನ ಗೇಟು ಮುಚ್ಚುವ ಅಧಿಕಾರ ಅವರ ಕೈಯಲ್ಲಿ.

ನಾಲ್ಕು, ಗಾಡಿ ನಿಲ್ಲಿಸಲು ರಸ್ತೆ ಬಿಟ್ಟು ಬೇರೆ ಜಾಗ. ಅಲ್ಲಿಂದ ಮುಂದೆ ನಡೆಯಲಿ, ಆಗದವರಿಗೆ ಊರಿನ ಜೀಪು ಇದೆ.

ಐದು, ಶೌಚಾಲಯದ ಬೀಗದ ಕೈ ಯಾರ ಹತ್ತಿರ ಇರುತ್ತದೆ ಅಂತ ಹೆಸರು, ಫೋನ್ ನಂಬರು ಹಾಕಿದ ಒಂದು ಬೋರ್ಡು.

ಇದಕ್ಕೆ ಕೋಟಿ ರೂಪಾಯಿಯ ಯೋಜನೆ ಬೇಡ, ಗಾಜಿನ ಸೇತುವೆ ಬೇಡ. ಗ್ರಾಮಸಭೆಗೆ ಜನ ಬರಬೇಕು, ಅಷ್ಟೇ. ಕಷ್ಟ ಇರುವುದು ಅಲ್ಲೇ ಅಂತ ನನಗೂ ಗೊತ್ತು. ಕಳೆದ ಸಲದ ಗ್ರಾಮಸಭೆಗೆ ಎಷ್ಟು ಜನ ಬಂದಿದ್ದರು, ಕಳೆದ ಸಲದ ಜಾತ್ರೆ ಸಭೆಗೆ ಎಷ್ಟು ಜನ ಬಂದಿದ್ದರು ಅಂತ ನಿಮ್ಮೂರಿನ ಲೆಕ್ಕ ನೀವೇ ಹಾಕಿ. ಮುಂದಿನ ಗ್ರಾಮಸಭೆ ಯಾವಾಗ ಅಂತ ಪಿಡಿಒಗೆ ಇವತ್ತೇ ಒಂದು ಫೋನ್ ಮಾಡಿ ಕೇಳಿ. ದಿನಾಂಕ ಗೊತ್ತಾದರೆ ನನಗೂ ತಿಳಿಸಿ, ವರದಿ ಮಾಡಲು ನಾನು ಬರುತ್ತೇನೆ.